ಗಾಳಿಗೆ ಅಡ್ಡ ಹಿಡಿದ ಕೈ



ಮೊನ್ನೆ ಚಿತ್ರ ಬರೆಯುವ ಸ್ಪರ್ಧೆಯಲ್ಲಿ ‘ಧೈರ್ಯ’ ಎಂಬ ವಿಷಯ ಕೊಟ್ಟಿದ್ದರು. ಬಹಳ ಮಂದಿ ಕುದುರೆ ಏರಿದ ಕಿತ್ತೂರು ಚೆನ್ನಮ್ಮ, ಕತ್ತಿ ಹಿಡಿದ ರಾಯಣ್ಣನನ್ನು ಬರೆದರು. ನಾನು ಶಾಲು ಹೊದ್ದು, ಬ್ಯಾಟರಿ ಹಿಡಿದು ನಿಂತ ನಮ್ಮವ್ವನನ್ನು ಬರೆದೆ. ಕೆಲವರು ನಕ್ಕು “ಇದರಾಗ ಧೈರ್ಯ ಎಲ್ಲೈತಿ?” ಅಂದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಆಮೇಲೆ ಅಕ್ಕೋರು ಒಂದು ಚಿತ್ರ ತೋರಿಸಿದರು. ಒಬ್ಬ ಹೆಣ್ಣುಮಗಳು ಕತ್ತಲಲ್ಲಿ ದೀಪ ಹಿಡಿದು ನಿಂತಿದ್ದಾಳೆ. ಮೂಲ ಚಿತ್ರ ಮೈಸೂರಿನ ಜಗನ್ಮೋಹನ ಅರಮನೆಯದು. ಸಾವಂತವಾಡಿಯ ಎಸ್.ಎಲ್. ಹಳದಣಕರ ಅವರು 1940ರ ದಶಕದಲ್ಲಿ ತಮ್ಮ ಮಗಳು ಗೀತಾ ಅವರನ್ನೇ ನಿಲ್ಲಿಸಿ ಬರೆದದ್ದು. ಬಹಳ ಜನ ಇದನ್ನು ರಾಜಾ ರವಿವರ್ಮನ ಎಣ್ಣೆಬಣ್ಣದ ಚಿತ್ರ ಅಂತ ತಿಳಿಯುತ್ತಾರೆ. ಅಲ್ಲ, ಅದು ಜಲವರ್ಣ. ನಾವು ಕಲಸುವ ಹಾಗೆ ನೀರಿನಲ್ಲಿ ಕಲಸಿದ ಬಣ್ಣ! ಆ ಗೀತಾ ಅವರು ನಮಗೆ ಹತ್ತಿರದ ಕೊಲ್ಲಾಪುರದಲ್ಲಿ 2018ರಲ್ಲಿ ತೀರಿಕೊಂಡರು. ಆಗ ಅವರಿಗೆ 102 ವರ್ಷ.

ಆ ಚಿತ್ರದಲ್ಲಿ ಗಾಳಿ ಕಾಣುವುದಿಲ್ಲ. ದೀಪಕ್ಕೆ ಅಡ್ಡ ಹಿಡಿದ ಕೈ ಕಾಣುತ್ತದೆ. ಕೈ ನೋಡಿದರೆ ಸಾಕು, ಗಾಳಿ ಐತಿ ಅಂತ ತಿಳಿಯುತ್ತದೆ. ಅವಳು ಚೀರುವುದಿಲ್ಲ, ಓಡುವುದಿಲ್ಲ. ದೀಪ ಆರದಂತೆ ಕಾಯುತ್ತಾಳೆ, ಅಷ್ಟೇ.

ನಮ್ಮವ್ವನೂ ಹಾಗೇ. ಅಪ್ಪನಿಗೆ ಸೊಂಟನೋವು ಬಂದ ಮೇಲೆ ಕಬ್ಬಿಗೆ ನೀರು ಬಿಡಲು ಅವ್ವನೇ ಹೋಗುತ್ತಾಳೆ. ಕರೆಂಟು ರಾತ್ರಿ ಎರಡಕ್ಕೆ ಬಂದರೆ ಎರಡಕ್ಕೇ ಏಳಬೇಕು. ಚಳಿಗಾಲದಾಗ ಕಾಲುವೆ ನೀರು ಕಾಲು ಕೊರೆಯುತ್ತದೆ. ಹಾವಿನ ಅಂಜಿಕೆ ಬೇರೆ. ಮುಂಜಾನೆ ಬಂದು ಒಲೆ ಮುಂದೆ ಕೈ ಕಾಸಿಕೊಂಡು ರೊಟ್ಟಿ ಬಡಿಯುತ್ತಾಳೆ. “ಥಂಡಿ ಆಗಲಿಲ್ಲೇನ ಅವ್ವಾ?” ಅಂದರೆ “ನೀ ಸಾಲಿಗೆ ಹೋಗು, ಹೊತ್ತಾತು” ಅನ್ನುತ್ತಾಳೆ. ಅವಳ ಒಡೆದ ಅಂಗೈ ನೋಡಿದರೆ ಚಳಿ ಎಷ್ಟಿತ್ತು ಅಂತ ಗೊತ್ತಾಗುತ್ತದೆ.

ಚೆನ್ನಮ್ಮ, ರಾಯಣ್ಣ ನಮ್ಮ ಹೆಮ್ಮೆ. ಅವರನ್ನು ಬರೆಯಬೇಡಿರಿ ಅಂತ ನಾನು ಹೇಳುವುದಿಲ್ಲ. ಆದರೆ ಕತ್ತಿ ಇಲ್ಲದ ಧೈರ್ಯವೂ ಐತಿ. ಅದು ನಮ್ಮ ನಮ್ಮ ಮನೆಯಲ್ಲೇ ಐತಿ, ಯಾರೂ ಅದಕ್ಕೆ ಚಪ್ಪಾಳೆ ಹೊಡೆಯುವುದಿಲ್ಲ. ಇವತ್ತು ಸಾಲಿ ಬಿಟ್ಟ ಮೇಲೆ ನಿಮ್ಮ ಅವ್ವನ ಕೈ ಒಮ್ಮೆ ನೋಡಿರಿ. ಮುಂದಿನ ಸ್ಪರ್ಧೆಯಲ್ಲಿ ಅಂಥ ಚಿತ್ರಗಳೂ ಬರಲಿ ಎಂಬುದು ನನ್ನ ಅನಿಸಿಕೆ. ತಪ್ಪಿದ್ದರೆ ಗುರುಗಳು ತಿದ್ದಬೇಕು.

ನನ್ನ ಚಿತ್ರಕ್ಕೆ ಬಹುಮಾನ ಬರಲಿಲ್ಲ. ಮನೆಗೆ ಒಯ್ದು ತೋರಿಸಿದೆ. ಅವ್ವ ಬಹಳ ಹೊತ್ತು ನೋಡಿ, “ಶಾಲು ಚಲೋ ಬರದಿ” ಅಂದಳು.

— ಏಳನೇ ತರಗತಿಯ ವಿದ್ಯಾರ್ಥಿನಿ, ತುಕ್ಕಾನಟ್ಟಿ