ಕೌದಿಯ ಸುತ್ತ ಕೂಡಿದ ಗೆಳೆತನ

ನಮ್ಮ ಶಾಲೆಯ ಹೊಲಿಗೆಯ ತರಗತಿಯಲ್ಲಿ ಕಲಿತ ಕಸೂತಿಯನ್ನು ಪೂರ್ವವಿದ್ಯಾರ್ಥಿನಿಯರೆಲ್ಲರೂ ಅಭಿಮಾನದಿಂದ ಸ್ಮರಿಸುವುದುಂಟು. ಆದರೆ ಕೊಡಂಬಲ, ಚಿಟಗುಪ್ಪ, ಹುಮನಾಬಾದಗಳ ಕಡೆಯಿಂದ ಬಂದ ನಮ್ಮಲ್ಲಿ ಅನೇಕರು ಮೊದಲು ಸೂಜಿ ಹಿಡಿದದ್ದು ಮನೆಯಂಗಳದ ಕೌದಿಯ ಮೇಲೆ. ಅದನ್ನು ಹೇಳಿಕೊಳ್ಳಲು ಮಾತ್ರ ಸಂಕೋಚಪಡುತ್ತೇವೆ. ಈ ಸಂಕೋಚವು ಯೋಗ್ಯವಾದುದಲ್ಲವೆಂದು ನನ್ನ ಅಭಿಪ್ರಾಯ.

ಸುಗ್ಗಿ ತೀರಿ ಮಳೆಗಾಲಕ್ಕೆ ಇನ್ನೂ ಅವಕಾಶವಿರುವಾಗ ಹಳೆಯ ಸೀರೆ ಧೋತರಗಳನ್ನು ಒಗೆದು, ಪದರದ ಮೇಲೆ ಪದರ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಕೂಡಿಸಿ, ಅಂಚಿನಿಂದ ನಡುವಿನ ಕಡೆಗೆ ಸಾಲುಸಾಲಾಗಿ ಹೊಲಿಯುತ್ತ ಬರುವರು. ಒಬ್ಬಳೇ ಹೊಲಿದರೆ ಬಹು ದಿನ ಹಿಡಿಯುವ ಕೆಲಸ. ನಾಲ್ವರು ನಾಲ್ಕು ಮಗ್ಗುಲಿಗೆ ಕುಳಿತರೆ ಬೇಗನೆ ಸಾಗುವುದು. ಕುಳಿತವರು ಸುಮ್ಮನಿರುವರೇ? ಅತ್ತೆಯ ಮಾತು, ತವರಿನ ಸುದ್ದಿ, ಮಗುವಿನ ಕೆಮ್ಮು, ಸಾಲದ ಚಿಂತೆ ಎಲ್ಲವೂ ಆ ದಾರದೊಂದಿಗೆ ಒಳಗೆ ಹೋಗುವುವು. ಕಣ್ಣು ಹೊಲಿಗೆಯ ಮೇಲಿರುವುದರಿಂದ ಮುಖ ನೋಡಿ ಹೇಳಲಾಗದ ದುಃಖವನ್ನೂ ಅಲ್ಲಿ ಹೇಳಬಹುದು. ಕೆಲವು ಕಡೆ ಕೊನೆಯ ಅಂಚು ಮುಚ್ಚುವ ಮೊದಲು ರೊಟ್ಟಿಯ ತುಣುಕನ್ನಿಟ್ಟು ಕೌದಿಯ ಹೊಟ್ಟೆ ತುಂಬಿಸುವ ರೂಢಿಯೂ ಉಂಟು.

ಆದರೆ ಎಲ್ಲವೂ ಸವಿಯಾಗಿಯೇ ಇತ್ತೆಂದು ಹೇಳಲಾರೆನು. ಯಾರ ಅಂಗಳದಲ್ಲಿ ಯಾರು ಕುಳಿತುಕೊಳ್ಳಬಹುದೆಂಬುದನ್ನು ಜಾತಿಯೇ ನಿರ್ಣಯಿಸುತ್ತಿತ್ತು. ಕೂಲಿಗಾಗಿ ಮನೆಮನೆಗೆ ಬಂದು ಕೌದಿ ಹೊಲಿಯುವ ಅಲೆಮಾರಿ ಹೆಂಗಸರೊಡನೆ ನಾವು ಮಾಡಿದ ಚೌಕಾಶಿಯನ್ನು ನೆನೆದರೆ ನಾಚಿಕೆಯಾಗುತ್ತದೆ. ಹತ್ತು ಮನೆಯ ಅರಿವೆ ಒಂದು ಕೌದಿಯಲ್ಲಿ ಕೂಡಬಹುದಾದರೆ ಹತ್ತು ಮನೆಯ ಹೆಂಗಸರು ಒಂದು ಚಾಪೆಯ ಮೇಲೆ ಕೂಡಬಾರದೇಕೆ? ವಸತಿಗೃಹದಲ್ಲಿ ಒಂದೇ ಪಂಕ್ತಿಯಲ್ಲಿ ಉಂಡ ನಾವು ಈ ಪ್ರಶ್ನೆಯನ್ನು ತಳ್ಳಿಹಾಕಲಾರೆವು.

ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಸ್ತ್ರೀಯರು ತಮ್ಮ ಕೌದಿಯನ್ನು 'ಕವಂದಿ' ಎನ್ನುವರು. ಅವರಲ್ಲಿ ಕ್ರೈಸ್ತರೂ ಮುಸಲ್ಮಾನರೂ ಹಿಂದೂಗಳೂ ಇದ್ದಾರೆ. ಕ್ರೈಸ್ತ ಸಹೋದರಿಯರು ಕೆಲವೊಮ್ಮೆ ಶಿಲುಬೆಯ ಆಕಾರವನ್ನು ಜೋಡಿಸುವರು. ಮೂಲೆಗಳಲ್ಲಿ ಮಡಿಸಿದ ತುಂಡುಗಳನ್ನು ಹೂವಿನಂತೆ ಇಡುವರು. ಇವರ ಕೈಕೆಲಸವು 2011ರಲ್ಲಿ ನ್ಯೂಯಾರ್ಕ್ ನಗರದ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶಿತವಾಯಿತು. ನಾವು ಚಿಂದಿಯೆಂದು ಅಟ್ಟಕ್ಕೆ ಎಸೆದುದನ್ನು ಪರದೇಶದವರು ಗೋಡೆಗೆ ತೂಗಹಾಕಿ ನೋಡಿದರು!

ಯೊಪ್ಪ ಪಟ್ಟಣದ ದೊರ್ಕಳು ತೀರಿಕೊಂಡಾಗ ವಿಧವೆಯರು ಪೇತ್ರನಿಗೆ ತೋರಿಸಿದ್ದು ಆಕೆ ತಮ್ಮೊಡನಿದ್ದಾಗ ಹೊಲಿದ ಬಟ್ಟೆಗಳನ್ನು ಎಂಬುದು ಸತ್ಯವೇದವನ್ನು ಓದಿದವರಿಗೆ ತಿಳಿದದ್ದೇ.

ಗಿರಣಿಯ ಕಂಬಳಿ ಅಗ್ಗವಾಗಿ ದೊರೆಯುವಾಗ ಈ ಶ್ರಮವೇಕೆಂದು ಪಾಲಕರು ಕೇಳಬಹುದು. ಬೆಚ್ಚಗಿರುವುದಕ್ಕಾದರೆ ಕಂಬಳಿಯೇ ಸಾಕು, ನಾನು ವಾದಿಸುವುದಿಲ್ಲ. ನಾನು ಬೇಡುವುದು ಆ ಕೂಟವನ್ನು. ಹೊಲಿಗೆಯ ತರಗತಿಯಲ್ಲಿ ಕೌದಿಗೂ ವಾರಕ್ಕೆ ಒಂದು ಗಂಟೆ ದೊರೆಯಲಿ. ಕೂಲಿಗೆ ಹೊಲಿಯುವ ಒಬ್ಬ ತಾಯಿಯನ್ನು ತಕ್ಕ ವೇತನ ಕೊಟ್ಟು ಗುರುವಾಗಿ ಕರೆಸಲಿ. ಮುಂದಿನ ಪೂರ್ವವಿದ್ಯಾರ್ಥಿನಿಯರ ಕೂಟಕ್ಕೆ ಪ್ರತಿಯೊಬ್ಬಳೂ ಒಂದು ಹಳೆಯ ನೂಲಿನ ಸೀರೆಯನ್ನು ಒಗೆದು ತರಲಿ. ಸೂಜಿ ದಾರಗಳ ಖರ್ಚನ್ನು ನಾನು ವಹಿಸಿಕೊಳ್ಳುವೆನು.