ಪಿಕಪ್ ಗಾಡಿಗೆ ಯಾಕಿಲ್ಲ ಆ ಕಾನೂನು?

‘ಚಾಲಕನ ನಿಯಂತ್ರಣ ತಪ್ಪಿ ಪಲ್ಟಿ.’ ಯಾದಗಿರಿ, ಶಹಾಪುರ, ಸುರಪುರದ ಯಾವ ವರದಿಗಾರನ ಮೊಬೈಲ್‌ನಲ್ಲಾದರೂ ‘ಚಾಲ’ ಎಂದು ಒತ್ತಿದರೆ ಸಾಕು, ಉಳಿದದ್ದನ್ನು ಕೀಬೋರ್ಡೇ ತುಂಬಿಸಿಕೊಡುತ್ತದೆ. ಠಾಣೆಯ ಎಫ್‌ಐಆರ್‌ನಲ್ಲಿ ಅದೇ ಮಾತು ಸ್ವಲ್ಪ ಉದ್ದವಾಗಿ ಬರುತ್ತದೆ: ಅತಿವೇಗ ಮತ್ತು ನಿರ್ಲಕ್ಷ್ಯತನದ ಚಾಲನೆ. ಮೊದಲು ಐಪಿಸಿ 279, 304ಎ ಇತ್ತು. 2024ರ ಜುಲೈನಿಂದ ಬಿಎನ್‌ಎಸ್ 281, 106 ಆಗಿದೆ. ಕಲಂ ಬದಲಾಯಿತು, ತಪ್ಪಿತಸ್ಥ ಬದಲಾಗಲಿಲ್ಲ. ಚಾಲಕ ಬದುಕಿದ್ದರೆ ಅವನೇ ಆರೋಪಿ. ಅವನೂ ಸತ್ತಿದ್ದರೆ ಕತೆ ಅಲ್ಲಿಗೆ ಮುಗಿಯಿತು. ನಿಯಂತ್ರಣ ತಪ್ಪದಂತೆ ನೋಡಿಕೊಳ್ಳುವ ಸಾಧನ ಆ ಗಾಡಿಯಲ್ಲಿತ್ತೇ ಎಂದು ಯಾರೂ ಕೇಳುವುದಿಲ್ಲ.

ಅಂಥದ್ದೊಂದು ಸಾಧನ ಇದೆ. ಹೆಸರು ಎಲೆಕ್ಟ್ರಾನಿಕ್ ಸ್ಟೆಬಿಲಿಟಿ ಕಂಟ್ರೋಲ್, ಚಿಕ್ಕದಾಗಿ ಇಎಸ್‌ಸಿ. ಸ್ಟೇರಿಂಗ್ ಎತ್ತ ತಿರುಗಿದೆ ಎಂಬುದನ್ನು ಒಂದು ಸೆನ್ಸರ್ ನೋಡುತ್ತದೆ, ಗಾಡಿ ನಿಜವಾಗಿ ಎತ್ತ ಹೊರಟಿದೆ ಎಂಬುದನ್ನು ಇನ್ನೊಂದು. ಎರಡಕ್ಕೂ ತಾಳೆಯಾಗದಿದ್ದರೆ ಗಾಡಿ ಜಾರುತ್ತಿದೆ ಎಂದರ್ಥ. ಆಗ ಚಾಲಕ ಬ್ರೇಕ್ ಒತ್ತುವ ಮೊದಲೇ ಅದು ನಾಲ್ಕರಲ್ಲಿ ಬೇಕಾದ ಒಂದು ಗಾಲಿಗೆ ಮಾತ್ರ ಬ್ರೇಕ್ ಹಾಕಿ, ಎಂಜಿನ್ನಿನ ಜೋರು ತಗ್ಗಿಸಿ, ಗಾಡಿಯನ್ನು ದಾರಿಗೆ ಎಳೆಯುತ್ತದೆ. ಒಂದೇ ಗಾಲಿಗೆ ಬ್ರೇಕ್ ಹಾಕುವುದು ಎಂಥ ನುರಿತ ಚಾಲಕನಿಗೂ ಆಗದ ಕೆಲಸ. ಅವನ ಕಾಲ ಕೆಳಗಿರುವುದು ಒಂದೇ ಪೆಡಲ್.

ಬಾಷ್ ಕಂಪನಿ ಮಾಡಿದ ಇದು 1995ರಲ್ಲಿ ಮರ್ಸಿಡಿಸ್‌ನ ದುಬಾರಿ ಕಾರಿಗೆ ಬಂತು. ಶ್ರೀಮಂತರ ಕಾರಿನಿಂದ ಕೆಳಗಿಳಿಸಿದವರು ಯಾರು ಗೊತ್ತೇ? ಪತ್ರಕರ್ತರು. 1997ರ ಅಕ್ಟೋಬರ್‌ನಲ್ಲಿ ಸ್ವೀಡನ್ನಿನ ಒಂದು ವಾಹನ ಪತ್ರಿಕೆಯವರು ಮರ್ಸಿಡಿಸ್‌ನ ಹೊಸ ಚಿಕ್ಕ ಕಾರು ಎ-ಕ್ಲಾಸನ್ನು ಪರೀಕ್ಷೆಗೆ ಒಯ್ದರು. ಅಲ್ಲಿ ಕಾಡಿನಿಂದ ಎಲ್ಕ್ ಎಂಬ ದೊಡ್ಡ ಕಡವೆ ರಸ್ತೆಗೆ ನುಗ್ಗುವುದು ಮಾಮೂಲು. ಅದನ್ನು ತಪ್ಪಿಸಲು ಸ್ಟೇರಿಂಗ್ ಸರ‍್ರನೆ ಎಡಕ್ಕೆಳೆದು ಮತ್ತೆ ಬಲಕ್ಕೆ ತಂದರೆ ಗಾಡಿ ನಿಲ್ಲುತ್ತದೋ ಇಲ್ಲವೋ ನೋಡುವ ಪರೀಕ್ಷೆ ಅದು. ಕಾರು ಮಗುಚಿತು. ಅಷ್ಟು ದೊಡ್ಡ ಕಂಪನಿ ಚಾಲಕನ ನಿಯಂತ್ರಣ ತಪ್ಪಿತು ಎಂದು ಕೈ ತೊಳೆದುಕೊಳ್ಳಲಾಗಲಿಲ್ಲ. ಮಾರಾಟ ನಿಲ್ಲಿಸಿತು, ಆ ಚಿಕ್ಕ ಕಾರಿಗೂ ಇಎಸ್‌ಸಿ ಕೂರಿಸಿತು.

ಆಮೇಲೆ ಕಾನೂನುಗಳು ಬಂದವು. ಅಮೆರಿಕ 2007ರಲ್ಲಿ ನಿಯಮ ಮಾಡಿ, 2012ರ ಮಾಡೆಲ್‌ಗಳಿಂದ ಪೂರ್ತಿ ಕಡ್ಡಾಯ ಮಾಡಿತು. ಯುರೋಪಿನಲ್ಲಿ 2014ರ ನವೆಂಬರ್ ನಂತರ ಇಎಸ್‌ಸಿ ಇಲ್ಲದ ಹೊಸ ಕಾರು ಮಾರುವಂತಿಲ್ಲ. ಇಲ್ಲಿ ಸ್ವಲ್ಪ ನಿಂತು ಓದಿ: ಅಮೆರಿಕದ ನಿಯಮ ಬರೀ ಕಾರಿಗಲ್ಲ, ತುಂಬಿದ ತೂಕ 4,536 ಕಿಲೋದವರೆಗಿನ ಪಿಕಪ್, ವ್ಯಾನುಗಳಿಗೂ ಅನ್ವಯಿಸುತ್ತದೆ. ಯುರೋಪಿನ ನಿಯಮದಲ್ಲೂ ಸಣ್ಣ ಸರಕು ವಾಹನ ಸೇರಿದೆ. ಸೇರಿಸಿದ್ದಕ್ಕೆ ಕಾರಣವೂ ಇದೆ. ಒಂದೇ ವಾಹನ ತಾನಾಗಿ ದಾರಿ ತಪ್ಪುವ ಅಪಘಾತಗಳು ಇಎಸ್‌ಸಿಯಿಂದ ಕಾರುಗಳಲ್ಲಿ ಶೇ 34ರಷ್ಟು, ಎತ್ತರದ ಎಸ್‌ಯುವಿಗಳಲ್ಲಿ ಶೇ 59ರಷ್ಟು ಕಡಿಮೆಯಾಗುತ್ತವೆ ಎಂದು ಅಲ್ಲಿನ ಹೆದ್ದಾರಿ ಸುರಕ್ಷತಾ ಸಂಸ್ಥೆ ನಿಯಮ ಮಾಡುವಾಗಲೇ ಲೆಕ್ಕ ಹಾಕಿತ್ತು. ಗಾಡಿ ಎತ್ತರವಾದಷ್ಟೂ ಇದರ ಅಗತ್ಯ ಹೆಚ್ಚು.

ನಮ್ಮಲ್ಲಿ? 2023ರ ಅಕ್ಟೋಬರ್ 1ರಿಂದ ಭಾರತ್ ಎನ್‌ಕ್ಯಾಪ್ ಎಂಬ ಸ್ಟಾರ್ ಪದ್ಧತಿ ಬಂದಿದೆ. ಮೂರು ಸ್ಟಾರ್ ಅಥವಾ ಹೆಚ್ಚು ಬೇಕೆಂದರೆ ಇಎಸ್‌ಸಿ ಇರಬೇಕು. ಆದರೆ ಪರೀಕ್ಷೆಗೆ ಕಾರು ಕೊಡುವುದು ಕಂಪನಿಯ ಇಷ್ಟ, ಮತ್ತು ಅದು ಪ್ರಯಾಣಿಕರ ಕಾರುಗಳಿಗೆ ಮಾತ್ರ. ಪಿಕಪ್‌ಗೆ ಸ್ಟಾರೂ ಇಲ್ಲ, ಚಂದ್ರನೂ ಇಲ್ಲ. ಇನ್ನು 2025ರಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ ಒಂದು ಕರಡು ಹೊರಡಿಸಿತು. ಎಂಟಕ್ಕಿಂತ ಹೆಚ್ಚು ಪ್ರಯಾಣಿಕರ ವಾಹನಗಳಿಗೆ, ಮಧ್ಯಮ ಮತ್ತು ಭಾರೀ ಲಾರಿಗಳಿಗೆ ಈ ಸ್ಥಿರತೆಯ ವ್ಯವಸ್ಥೆ, ತಾನೇ ಬೀಳುವ ಬ್ರೇಕ್ ಎಲ್ಲ ಬೇಕು ಎಂದಿತು. ಒಳ್ಳೆಯದೇ. ಆದರೆ ಮೇಲಿನ ಲಾರಿಗೂ ಕೆಳಗಿನ ಕಾರಿಗೂ ನಡುವೆ ಒಂದು ವರ್ಗ ಜಾರಿಹೋಗಿದೆ: ಎನ್1, ಅಂದರೆ 3.5 ಟನ್‌ವರೆಗಿನ ಸರಕು ವಾಹನ. ನಮ್ಮ ಪಿಕಪ್, ನಮ್ಮ ‘ಛೋಟಾ ಹಾಥಿ’. ಈ ಮೂರು ತಾಲ್ಲೂಕಿನ ಅರ್ಧ ಬದುಕು ಓಡಾಡುವುದು ಇದೇ ಗಾಡಿಗಳ ಮೇಲೆ.

ದಿಲ್ಲಿಯಲ್ಲಿ ಕೂತವರಿಗೆ ನಮ್ಮ ರಸ್ತೆಯ ಪರಿಚಯ ಮಾಡಿಸಬೇಕು. ಜೇವರ್ಗಿಯಿಂದ ಶಹಾಪುರ, ಸುರಪುರ ದಾಟಿ ತಿಂಥಣಿ ಸೇತುವೆಗೆ ಇಳಿಯುವ ರಾಷ್ಟ್ರೀಯ ಹೆದ್ದಾರಿ 150ಎ ಇದೆ. ಹೆದ್ದಾರಿ ಎಂಬುದು ಬೋರ್ಡಿನ ಮಾತು. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಹೊಲದಿಂದ ಮೇಲೇರುವ ಕಡೆಯೆಲ್ಲ ಗಾಲಿಗೆ ಮೆತ್ತಿದ ಎರೆ ಮಣ್ಣು ಡಾಂಬರಿನ ಮೇಲೆ ಉದುರುತ್ತದೆ. ಒಂದು ತುಂತುರು ಸಾಕು, ಅದು ಸಾಬೂನು. ಸುಗ್ಗಿ ಬಂದರೆ ಒಳರಸ್ತೆಗಳ ಮೇಲೆ ತೊಗರಿ, ಜೋಳ ಹರವುತ್ತಾರೆ. ಹೋಗಿಬರುವ ಗಾಲಿಗಳೇ ರಾಶಿ ಮಾಡಿಕೊಡಲಿ ಎಂದು. ಅದರ ಸುತ್ತ ಕಾವಲಿಗೆ ಕಲ್ಲು. (ಕಣ ಕಟ್ಟಿಕೊಡದೆ ರೈತನನ್ನು ಬೈಯುವವರ ಜೊತೆ ಜಗಳ ಇನ್ನೊಂದು ದಿನ.) ರಾತ್ರಿ ಆ ಕಲ್ಲು ಲೈಟಿಗೆ ಬೀಳುವಷ್ಟರಲ್ಲಿ ಸ್ಟೇರಿಂಗ್ ಎಳೆಯಲೇಬೇಕು. ಸ್ವೀಡನ್ನಿನ ಕಡವೆ ಪರೀಕ್ಷೆ ನಮ್ಮಲ್ಲಿ ದಿನಾ ನಡೆಯುತ್ತದೆ, ಕಡವೆಯ ಜಾಗದಲ್ಲಿ ಎಮ್ಮೆ ಅಷ್ಟೇ.

ಇನ್ನೊಂದು, ಎಲ್ಲಕ್ಕಿಂತ ಕೆಟ್ಟದ್ದು: ರಸ್ತೆಯ ಅಂಚು. ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ ಪಕ್ಕದ ಮಣ್ಣು ಗೇಣುದ್ದ ಕೆಳಗಿದೆ. ಎದುರಿಗೆ ಬಸ್ ಬಂತು, ಎಡಗಾಲಿ ಕೆಳಗಿಳಿಯಿತು. ಚಾಲಕ ಗಾಬರಿಯಿಂದ ಬಲಕ್ಕೆ ಎಳೆಯುತ್ತಾನೆ, ಗಾಲಿ ಅಂಚನ್ನು ತಡವರಿಸಿ ಒಮ್ಮೆಲೇ ಮೇಲೆ ಹತ್ತುತ್ತದೆ, ಹಿಂಭಾಗ ಕೊಡವಿ ಗಾಡಿ ಅಡ್ಡ ತಿರುಗುತ್ತದೆ. ಚಾಲಕರು ಇದನ್ನೇ ‘ಗಾಡಿ ಮಾತು ಕೇಳಲಿಲ್ಲ’ ಎನ್ನುತ್ತಾರೆ. ಇಎಸ್‌ಸಿ ಹುಟ್ಟಿದ್ದೇ ಈ ಒಂದು ಕ್ಷಣಕ್ಕೆ.

2025ರ ಏಪ್ರಿಲ್‌ನಲ್ಲಿ ಆಂಧ್ರದ ಹಿಂದೂಪುರದಿಂದ ನಾಲ್ವರು ಕುರಿ ಖರೀದಿಗೆ ನಮ್ಮ ಶಹಾಪುರದ ಸಂತೆಗೆ ಪಿಕಪ್‌ನಲ್ಲಿ ಹೊರಟಿದ್ದರು. ಕೃಷ್ಣಾ ದಾಟುವುದಕ್ಕೆ ಮುಂಚೆಯೇ, ದೇವದುರ್ಗ ತಾಲ್ಲೂಕಿನ ಅಮರಾಪುರದ ಹತ್ತಿರ ಗಾಡಿ ಸೇತುವೆಯ ತಡೆಗೆ ಬಡಿಯಿತು. ನಾಲ್ವರೂ ಹೋದರು. ಸುದ್ದಿಯಲ್ಲಿ ಅದೇ ವಾಕ್ಯ. ಇಎಸ್‌ಸಿ ಇದ್ದಿದ್ದರೆ ಅವರು ಖಂಡಿತ ಬದುಕುತ್ತಿದ್ದರು ಎಂದು ನಾನು ಹೇಳುವುದಿಲ್ಲ, ಹಾಗೆ ಹೇಳಲು ಯಾರಿಗೂ ಬರುವುದಿಲ್ಲ. ಆದರೆ ಅದೇ ರಸ್ತೆಯಲ್ಲಿ ಮೂರು ಸ್ಟಾರಿನ ಕಾರಿನಲ್ಲಿ ಹೋದವನಿಗೆ ಇದ್ದ ಒಂದು ಅವಕಾಶ ಕುರಿ ವ್ಯಾಪಾರಿಗೆ ಇರಲಿಲ್ಲ, ಇರಬೇಕೆಂದು ಯಾವ ಕಾನೂನೂ ಹೇಳಿರಲಿಲ್ಲ.

ಈ ಸಾಧನ ದೇವರಲ್ಲ, ಅದನ್ನೂ ಹೇಳಬೇಕು. 2023ರ ಜೂನ್‌ನಲ್ಲಿ ಬಳಿಚಕ್ರದ ಬಳಿ ಕಲಬುರಗಿಯ ಉರುಸಿಗೆ ಹೊರಟಿದ್ದ ಕ್ರೂಸರ್ ನಿಂತ ಲಾರಿಗೆ ಗುದ್ದಿ ಐವರು ಸತ್ತರು. ಅಂಥಲ್ಲಿ ಇಎಸ್‌ಸಿಯಿಂದ ಹೆಚ್ಚೇನೂ ಆಗದು. ಅಲ್ಲಿ ಬೇಕಿದ್ದದ್ದು ತಾನೇ ಬೀಳುವ ಬ್ರೇಕ್, ಲಾರಿ ನಿಲ್ಲಿಸಲು ಜಾಗ. 2025ರ ಮಾರ್ಚ್‌ನಲ್ಲಿ ಸುರಪುರ ತಾಲ್ಲೂಕಿನಲ್ಲಿ ಬಸ್ಸಿಗೆ ಸಿಕ್ಕ ಒಂದೇ ಬೈಕಿನಲ್ಲಿ ಗಂಡ, ಹೆಂಡತಿ, ಮೂವರು ಮಕ್ಕಳು ಇದ್ದರು. ಅದು ಬೇರೆಯೇ ಸಂಕಟ. ಒಂದು ಔಷಧಿ ಎಲ್ಲ ರೋಗಕ್ಕೂ ಆಗುವುದಿಲ್ಲ ಎಂದು ಯಾರೂ ಇರುವ ಔಷಧಿಯನ್ನು ಬಚ್ಚಿಡುವುದಿಲ್ಲ.

ಆಕ್ಷೇಪ ನನಗೆ ಗೊತ್ತು. ಪಿಕಪ್‌ನಲ್ಲಿ ಜನ ಹತ್ತುವುದೇ ತಪ್ಪು, ಮೊದಲು ಅದನ್ನು ನಿಲ್ಲಿಸಿ ಎನ್ನುತ್ತಾರೆ ಅಧಿಕಾರಿಗಳು. ತಪ್ಪು ಹೌದು. 2025ರ ಜನವರಿಯಲ್ಲಿ ಯಲ್ಲಾಪುರದ ಅರಬೈಲ್ ಘಟ್ಟದಲ್ಲಿ ತರಕಾರಿ ಲಾರಿ ಉರುಳಿ ಸವಣೂರಿನ ಹತ್ತು ವ್ಯಾಪಾರಿಗಳು ಸತ್ತಾಗ ರಾಜ್ಯವಿಡೀ ಈ ಮಾತು ಕೇಳಿತು. ಆದರೆ ನಸುಕಿನಲ್ಲಿ ಹತ್ತಿ ಬಿಡಿಸಲು, ಮೆಣಸಿನಕಾಯಿ ಬಿಡಿಸಲು ಹೊರಡುವ ಹೆಣ್ಮಕ್ಕಳನ್ನು ಹೊಲದ ಬದುವಿಗೆ ಇಳಿಸುವ ಬಸ್ ಯಾವ ಡಿಪೋದಲ್ಲಿದೆ? ದಂಡದ ರಸೀದಿ ಹರಿದರೆ ಮರುದಿನ ಅದೇ ಗಾಡಿ ಒಳದಾರಿ ಹಿಡಿಯುತ್ತದೆ. ಒಳದಾರಿಯೇ ಹೆಚ್ಚು ಅಪಾಯ. ಮತ್ತೆ, ಕಾನೂನು ಪಾಲಿಸಿ ಕ್ಯಾಬಿನ್‌ನಲ್ಲೇ ಕೂತ ಚಾಲಕ, ಹಮಾಲರ ಜೀವವೂ ಜೀವವೇ ಅಲ್ಲವೇ?

ಓವರ್‌ಲೋಡ್ ಗಾಡಿಯಲ್ಲಿ ಇಎಸ್‌ಸಿಯೂ ಸೋಲುತ್ತದೆ ಎಂಬುದು ಇನ್ನೊಂದು ಮಾತು. ಮಿತಿ ಮೀರಿದರೆ ಸೋಲುತ್ತದೆ, ನಿಜ. ಬ್ರೇಕೂ ಸೋಲುತ್ತದೆ. ಅದಕ್ಕೆಂದು ಬ್ರೇಕ್ ಇಲ್ಲದ ಗಾಡಿ ಮಾರುತ್ತೀರಾ?

ಉಳಿದದ್ದು ರೇಟು. ಎಬಿಎಸ್ ಇರುವ ಗಾಡಿಗೆ ಇಎಸ್‌ಸಿ ಎಂದರೆ ಹೆಚ್ಚಿನ ಒಂದೆರಡು ಸೆನ್ಸರ್, ಬ್ರೇಕಿಗೊಂದು ಪಂಪು, ಅದನ್ನು ನಡೆಸುವ ಸಾಫ್ಟ್‌ವೇರ್. ಕೊಳ್ಳುವವನ ಇಷ್ಟಕ್ಕೆ ಬಿಟ್ಟರೆ ಫೈನಾನ್ಸ್‌ನವನ ಮುಂದೆ ಕೂತ ಹುಡುಗ ಮೊದಲು ಕೈಬಿಡುವುದು ಅದನ್ನೇ. ಅವನ ತಪ್ಪಲ್ಲ, ಕಂತು ಅವನದು. ಎಲ್ಲ ಗಾಡಿಗೂ ಕಡ್ಡಾಯವಾದರೆ ಮಾತ್ರ ರೇಟು ಇಳಿಯುತ್ತದೆ. ಏರ್‌ಬ್ಯಾಗ್ ಕಡ್ಡಾಯವಾದಾಗ ಇದೇ ಅಳು ಕೇಳಿದ್ದೆವು, ಕಾರಿನ ಶೋರೂಮ್‌ಗಳು ಮುಚ್ಚಲಿಲ್ಲ.

ಕಾನೂನು ಕೇಂದ್ರದ್ದು. ಆದರೆ ರಾಜ್ಯದ ಕೈ ಕಟ್ಟಿಲ್ಲ. ಸ್ವಾವಲಂಬಿ ಸಾರಥಿ ಯೋಜನೆಯಲ್ಲಿ ಸರಕು ವಾಹನ ಕೊಳ್ಳುವ ಪರಿಶಿಷ್ಟ ಯುವಕರಿಗೆ ಶೇ 75, ಗರಿಷ್ಠ ₹4 ಲಕ್ಷ ಸಹಾಯಧನ ಕೊಡುತ್ತಿರುವುದು ಸರ್ಕಾರವೇ. ಅಷ್ಟು ಹಣ ಕೊಡುವವರು ಕಂಪನಿಗಳನ್ನು ಕರೆದು, ಈ ಯೋಜನೆಗೆ ಗಾಡಿ ಮಾರಬೇಕಾದರೆ ಇಎಸ್‌ಸಿ ಸಮೇತ ತನ್ನಿ, ಹೆಚ್ಚಿನ ಖರ್ಚು ನಮ್ಮದು ಎನ್ನಬಹುದಲ್ಲ?

ಯಾದಗಿರಿ, ಶಹಾಪುರ, ಸುರಪುರ ಮೂರೂ ಕ್ಷೇತ್ರಗಳು ರಾಯಚೂರು ಲೋಕಸಭೆಗೆ ಸೇರಿವೆ. ಸಂಸದರು ಸದನದಲ್ಲಿ ಲಿಖಿತವಾಗಿ ಎರಡು ಪ್ರಶ್ನೆ ಕೇಳಲಿ. ಎನ್1 ವರ್ಗವನ್ನು ಯಾಕೆ ಬಿಟ್ಟಿರಿ? ಯಾವ ತಾರೀಖಿನಿಂದ ಸೇರಿಸುತ್ತೀರಿ? ಉತ್ತರ ಬಂದ ದಿನ ಅದನ್ನು ಇದೇ ಪುಟದಲ್ಲಿ ಹಾಕುತ್ತೇವೆ.