ಸಹಿ ಹಾಕಿದ್ದೇವೆ, ನಮ್ಮನ್ನೇ ಬರೆದುಕೊಟ್ಟಿಲ್ಲ

"ಸೈನ್ ಹಾಕುವಾಗ ಗೊತ್ತಿರಲಿಲ್ವಾ? ನಿನ್ನನ್ನು ಯಾರಾದರೂ ಕೈಕಾಲು ಕಟ್ಟಿ ವಿಮಾನ ಹತ್ತಿಸಿದ್ರಾ?" ಗಲ್ಫಿನಲ್ಲಿ ದುಡಿಯುವ ನಮ್ಮಲ್ಲಿ ಈ ಮಾತು ಕೇಳದವರು ಕಡಿಮೆ. ಕಂಪೆನಿಯ ಮ್ಯಾನೇಜರ್ ಹೇಳುತ್ತಾನೆ, ಊರಿನ ಏಜೆಂಟ್ ಹೇಳುತ್ತಾನೆ. ಬೇಸರವೆಂದರೆ, ಇಲ್ಲಿ ನಾಲ್ಕು ಅಂಗಡಿ ಹಾಕಿ ಮೇಲೆ ಬಂದ ನಮ್ಮವರೇ ಕೆಲವರು ಈಗ ಇದನ್ನೇ ಹೇಳುತ್ತಾರೆ. ಜೊತೆಗೆ, "ಇದು ಫ್ರೀ ಮಾರ್ಕೆಟ್, ಇಬ್ಬರೂ ಒಪ್ಪಿ ಮಾಡಿಕೊಂಡ ಕರಾರು, ನಡುವೆ ಕಾನೂನು ಯಾಕೆ?" ಎಂದೂ ಕೇಳುತ್ತಾರೆ.

ಈ ವಿಚಾರಕ್ಕೆ ಲಿಬರ್ಟೇರಿಯನ್ ವಾದ ಎನ್ನುತ್ತಾರೆ. ಮನುಷ್ಯ ತನ್ನ ಮೈಗೆ, ತನ್ನ ದುಡಿಮೆಗೆ ತಾನೇ ಯಜಮಾನ. ಬಲಾತ್ಕಾರ, ಮೋಸ ಇಲ್ಲದೆ ಇಬ್ಬರು ಒಪ್ಪಿಕೊಂಡ ವ್ಯವಹಾರದಲ್ಲಿ ಸರಕಾರ ಕೈ ಹಾಕಬಾರದು ಎಂಬುದು ಅದರ ತಿರುಳು. ಕೇಳಲು ಚಂದವೇ ಇದೆ. ಆದರೆ ನಮ್ಮ ಬಾಯಿ ಮುಚ್ಚಿಸಲು ಇದನ್ನು ಎತ್ತುವವರು ಅರ್ಧ ಮಾತ್ರ ಹೇಳುತ್ತಾರೆ. ಉಳಿದ ಅರ್ಧವನ್ನು ನಾವು ಹೇಳುತ್ತೇವೆ.

ಈ ವಾದ ಕೋರ್ಟಿನಲ್ಲಿ ಗೆದ್ದ ಪ್ರಸಿದ್ಧ ಕೇಸು ಅಮೆರಿಕದ್ದು. ಬೇಕರಿ ಕೆಲಸದವರನ್ನು ವಾರಕ್ಕೆ 60 ಗಂಟೆಗಿಂತ ಹೆಚ್ಚು ದುಡಿಸಬಾರದು ಎಂದು ನ್ಯೂಯಾರ್ಕ್ ರಾಜ್ಯ ಕಾನೂನು ಮಾಡಿತ್ತು. ಲಾಕ್ನರ್ ಎಂಬ ಬೇಕರಿ ಮಾಲೀಕ ಅದರ ವಿರುದ್ಧ ಸುಪ್ರೀಂ ಕೋರ್ಟ್‌ವರೆಗೆ ಹೋದ. 1905ರಲ್ಲಿ ಒಂಬತ್ತು ನ್ಯಾಯಾಧೀಶರಲ್ಲಿ ಐವರು ಅವನ ಪರ ನಿಂತರು. ಕೆಲಸಗಾರನಿಗೂ ತನಗೆ ಬೇಕಾದಂತೆ ಕರಾರು ಮಾಡಿಕೊಳ್ಳುವ ಸ್ವಾತಂತ್ರ್ಯ ಇದೆ, ಕಾನೂನು ಅದನ್ನು ಕಸಿಯುತ್ತದೆ ಎಂದರು. ಯಾರ ಸ್ವಾತಂತ್ರ್ಯ ಮಾರಾಯ್ರೇ? ಕೋರ್ಟಿಗೆ ಹೋದವನು ಮಾಲೀಕ. ಹಿಟ್ಟಿನ ಧೂಳು ಕುಡಿದು ದುಡಿಯುವವನ ಹೆಸರಿನಲ್ಲಿ ಲಾಭ ಪಡೆದದ್ದೂ ಅವನೇ. 1937ರಲ್ಲಿ ಹೋಟೆಲಿನಲ್ಲಿ ಕೋಣೆ ಸ್ವಚ್ಛ ಮಾಡುವ ಒಬ್ಬ ಹೆಂಗಸಿನ ಕನಿಷ್ಠ ವೇತನದ ಕೇಸಿನಲ್ಲಿ ಅದೇ ಕೋರ್ಟು ಆ ದಾರಿ ಬಿಟ್ಟುಕೊಟ್ಟಿತು.

ಹೋಗಲಿ, ಕೋರ್ಟು ಬಿಡೋಣ. ಅವರದೇ ಗುರುಗಳ ಮಾತು ನೋಡೋಣ. ರಾಬರ್ಟ್ ನೋಝಿಕ್ 1974ರ ತನ್ನ ಪುಸ್ತಕದಲ್ಲಿ, ದುಡಿಯುವುದು ಇಲ್ಲವೇ ಉಪವಾಸ ಬೀಳುವುದು ಎಂಬ ಎರಡೇ ದಾರಿ ಇರುವವನ ಒಪ್ಪಿಗೆಯೂ ಒಪ್ಪಿಗೆಯೇ ಎನ್ನುತ್ತಾನೆ. ಆದರೆ ಒಂದು ಷರತ್ತಿದೆ: ಅವನ ದಾರಿಗಳನ್ನು ಕಿರಿದು ಮಾಡಿದವರೆಲ್ಲ ತಮ್ಮ ಹಕ್ಕಿನ ಒಳಗೇ ಇದ್ದಿರಬೇಕು. ಈ ಷರತ್ತನ್ನು ನಮ್ಮವರ ಕತೆಗೆ ಹಿಡಿದು ನೋಡಿ. ಮಂಗಳೂರಿನಲ್ಲಿ ತೋರಿಸಿದ ಸಂಬಳ ಒಂದು, ಇಲ್ಲಿ ಇಳಿದ ಮೇಲೆ ಅರಬಿಯಲ್ಲಿ ಸಹಿ ಹಾಕಿಸಿದ್ದು ಇನ್ನೊಂದು. ಭಾರತದ ನಿಯಮದ ಪ್ರಕಾರ ಏಜೆಂಟ್ ತೆಗೆದುಕೊಳ್ಳಬಹುದಾದದ್ದು 30,000 ರೂಪಾಯಿ ಮತ್ತು ಅದರ ಮೇಲಿನ ತೆರಿಗೆ. ಕೊಡಬೇಕಾಗಿ ಬರುವುದು ಅದರ ಎಷ್ಟು ಪಟ್ಟು ಎಂದು ಹೆಂಡತಿಯ ಚಿನ್ನ ಅಡವಿಟ್ಟವರಿಗೆ ಗೊತ್ತು. ಬಂದ ದಿನವೇ ಪಾಸ್‌ಪೋರ್ಟ್ ಆಫೀಸಿನ ಕಪಾಟು ಸೇರುತ್ತದೆ. ಇದರಲ್ಲಿ ಯಾವುದು ಯಾರ ಹಕ್ಕು? ಇದು ಮೋಸ ಮತ್ತು ಬಲಾತ್ಕಾರ. ಲಿಬರ್ಟೇರಿಯನ್ ಪುಸ್ತಕದ ಮೊದಲ ಪುಟವೇ ಇವೆರಡನ್ನು ನಿಷೇಧಿಸುತ್ತದೆ.

ಅದೇ ನೋಝಿಕ್, ಮನುಷ್ಯ ತನ್ನನ್ನೇ ಗುಲಾಮನಾಗಿ ಮಾರಿಕೊಳ್ಳಲೂ ಮುಕ್ತ ವ್ಯವಸ್ಥೆ ಬಿಡಬೇಕು ಎಂದವನು. ಅವನ ಬಳಗದಲ್ಲೇ ಇದನ್ನು ಒಪ್ಪದವರಿದ್ದಾರೆ. ಸರಕಾರವೇ ಬೇಡ ಎನ್ನುವಷ್ಟು ದೂರ ಹೋದ ಮರ್ರಿ ರಾತ್‌ಬಾರ್ಡ್ 1982ರಲ್ಲಿ ಬರೆದದ್ದರ ಸಾರ ಇದು: ಮನುಷ್ಯನ ಇಚ್ಛೆಯನ್ನು ಅವನಿಂದ ಬಿಡಿಸಿ ಮಾರಲು ಆಗುವುದಿಲ್ಲ. ಆದ್ದರಿಂದ ಕೆಲಸ ಮಾಡುತ್ತೇನೆಂದು ಮಾತು ಕೊಟ್ಟವನು ಬಿಟ್ಟು ಹೋದರೆ, ಅವನು ಪಡೆದ ಹಣ ವಾಪಸ್ ಕೇಳಬಹುದು. ಅವನನ್ನು ಹಿಡಿದು ತಂದು ದುಡಿಸುವಂತಿಲ್ಲ.

ಈಗ ಕಫಾಲವನ್ನು ಇದರ ಪಕ್ಕ ಇಡಿ. ಸುಧಾರಣೆ ಆಗದ ಕಡೆ ಕಫೀಲನ ಎನ್‌ಒಸಿ ಇಲ್ಲದೆ ಕೆಲಸ ಬದಲಿಸುವಂತಿಲ್ಲ. ಬಿಟ್ಟು ಹೋದರೆ 'ಹುರೂಬ್' ಕೇಸು. ಆಮೇಲೆ ನೀನು ಕೆಲಸ ಬಿಟ್ಟವನಲ್ಲ, ಓಡಿಹೋದ ಅಪರಾಧಿ. ಕರಾರು ಮುರಿದವನ ಮೇಲೆ ಪೊಲೀಸರನ್ನು ಬಿಡುವುದು ನಮ್ಮ ದೇಶಕ್ಕೂ ಹೊಸತಲ್ಲ. 1859ರಲ್ಲಿ ಬ್ರಿಟಿಷರು ಅಂಥದ್ದೇ ಕಾಯ್ದೆ ತಂದಿದ್ದರು: ಮುಂಗಡ ಪಡೆದ ಕೆಲಸಗಾರ ಕೆಲಸ ಬಿಟ್ಟರೆ ಜೈಲು. ಅದು ರದ್ದಾಗಲು 1925 ಬರಬೇಕಾಯಿತು. ಫಿಜಿಗೆ, ಮಾರಿಷಸ್‌ಗೆ ಹೋದ ಕೂಲಿಗಳು 'ಅಗ್ರಿಮೆಂಟ್' ಪದವನ್ನೇ 'ಗಿರ್ಮಿಟ್' ಮಾಡಿಕೊಂಡರು. ಅವರೂ ಹೆಬ್ಬೆಟ್ಟು ಒತ್ತಿಯೇ ಹಡಗು ಹತ್ತಿದ್ದರು. ಅವರನ್ನು ಸ್ವತಂತ್ರರು ಎಂದು ಇವತ್ತು ಯಾರು ಹೇಳುತ್ತಾರೆ?

ಇಷ್ಟು ಮಾಡಿ ಇದನ್ನು ಫ್ರೀ ಮಾರ್ಕೆಟ್ ಎನ್ನುವುದಾ? ಮೀನು ಮಾರುವವನಿಗೆ ಒಬ್ಬನೇ ಗಿರಾಕಿಗೆ ಮಾರಬೇಕು, ಬೇರೆಯವರಿಗೆ ಕೊಟ್ಟರೆ ಜೈಲು ಎಂದರೆ ಬಂದರಿನಲ್ಲಿ ಅದನ್ನು ವ್ಯಾಪಾರ ಎನ್ನುವುದಿಲ್ಲ. ಮುಕ್ತ ಮಾರುಕಟ್ಟೆಯಲ್ಲಿ ಒಳ್ಳೆ ಸಂಬಳ ಕೊಡುವವನ ಕಡೆ ಕೆಲಸಗಾರ ಹೋಗಬೇಕು. ಆ ಬಾಗಿಲಿಗೆ ಬೀಗ ಹಾಕಿರುವುದು ಕಾನೂನೇ. ಕಾನೂನು ಬೇಡ ಎನ್ನುವ ಧಣಿಗಳು ಈ ಬೀಗದ ವಿಷಯ ಮಾತ್ರ ಎತ್ತುವುದಿಲ್ಲ.

"ವೀಸಾಕ್ಕೆ ದುಡ್ಡು ಸುರಿದಿದ್ದೇವೆ, ಮೂರೇ ತಿಂಗಳಲ್ಲಿ ಬಿಟ್ಟು ಹೋದರೆ ನಮ್ಮ ಗತಿ?" ಎಂದು ಸಣ್ಣ ಅಂಗಡಿಯವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ನೋಟಿಸ್ ಅವಧಿ ಇಡಿ, ಕಾನೂನು ಒಪ್ಪುವ ನಷ್ಟವನ್ನು ಲೇಬರ್ ಕೋರ್ಟಿನಲ್ಲಿ ಕೇಳಿ. ಹಣದ ಲೆಕ್ಕ ಹಣದಲ್ಲೇ ತೀರಲಿ. ಪಾಸ್‌ಪೋರ್ಟ್ ಒತ್ತೆ ಇಡಬೇಡಿ.

ಬೀಗ ತೆಗೆಯಲು ಸಾಧ್ಯ ಎಂದು ಇಲ್ಲಿನ ಸರಕಾರಗಳೇ ತೋರಿಸಿವೆ. ಕತಾರ್ 2020ರಲ್ಲಿ ಕೆಲಸ ಬದಲಿಸಲು ಎನ್‌ಒಸಿ ಬೇಕೆಂಬ ನಿಯಮ ತೆಗೆಯಿತು. 1,000 ರಿಯಾಲ್ ಕನಿಷ್ಠ ಮೂಲವೇತನವನ್ನೂ ನಿಗದಿ ಮಾಡಿತು. ಸೌದಿ 2021ರಲ್ಲಿ ಸುಧಾರಣೆ ತಂದಾಗ ಮನೆಗೆಲಸದವರನ್ನೂ ಹೌಸ್ ಡ್ರೈವರ್‌ಗಳನ್ನೂ ಹೊರಗಿಟ್ಟಿತು. ನಮ್ಮ ಊರುಗಳಿಂದ ಎಷ್ಟು ಮಂದಿ ಹೌಸ್ ಡ್ರೈವರ್ ವೀಸಾದಲ್ಲಿ ಬಂದಿದ್ದಾರೆ ಎಂದು ನಾವು ಬೇರೆ ಹೇಳಬೇಕಾಗಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಸರಳ. ಕರಾರಿನ ಪ್ರತಿ ಕೆಲಸಗಾರನಿಗೆ ಓದಲು ಬರುವ ಭಾಷೆಯಲ್ಲಿ, ಸಾಲ ಮಾಡುವ ಮೊದಲೇ ಕೈಗೆ ಸಿಗಬೇಕು. ಪಾಸ್‌ಪೋರ್ಟ್ ಅವನ ಹತ್ತಿರವೇ ಇರಬೇಕು. ಮಿತಿ ಮೀರಿ ದುಡ್ಡು ಕಿತ್ತ ಏಜೆಂಟನ ಲೈಸೆನ್ಸ್ ಹೋಗಬೇಕು. ನೋಟಿಸ್ ಕೊಟ್ಟು ಹೊರಡುವ ಹಕ್ಕು ಹೌಸ್ ಡ್ರೈವರ್‌ಗೂ ಅಡುಗೆಯವಳಿಗೂ ಇರಬೇಕು. ಇದಕ್ಕೆ ದೊಡ್ಡ ಸಿದ್ಧಾಂತ ಬೇಡ. ಇನ್ನು ಮುಂದೆ ಯಾರಾದರೂ "ಒಪ್ಪಿಯೇ ಬಂದೆ ಅಲ್ವಾ?" ಎಂದರೆ ಕೇಳಿ: "ಒಪ್ಪಿ ಬಂದೆ ಸ್ವಾಮಿ. ಈಗ ಒಪ್ಪಿಗೆ ಇಲ್ಲ, ಹೊರಡಬಹುದಾ?" ಹೂಂ ಎನ್ನಲು ಅವರಿಗೆ ಆಗದಿದ್ದರೆ, ಅಲ್ಲಿ ಇರುವುದು ಒಪ್ಪಿಗೆಯೂ ಅಲ್ಲ, ಮಾರುಕಟ್ಟೆಯೂ ಅಲ್ಲ.